ಸೊಸೆಯ ಹಿಟ್ಟಿನ ಯಂತ್ರ

ನನ್ನ ಸೊಸೆ ಯಂತ್ರಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಾಳೆ. ನಗು ಬಂದರೆ ಹೊಟ್ಟೆ ಹಿಡಿದುಕೊಂಡು ಇದ್ದಲ್ಲೇ ನೆಲಕ್ಕೆ ಕೂರುವ ಹುಡುಗಿ. ಅವಳೂ ನನ್ನ ಮಗನೂ ಸೇರಿ ಕಟ್ಟಿದ ಮೊದಲ ಹಿಟ್ಟು ನಾದುವ ಯಂತ್ರವನ್ನು ಎದುರು ಬೀದಿಯ ಬೇಕರಿಯವನು ಕೊಂಡ.

ಮರುದಿನ ಬಾಗಿಲಲ್ಲಿ ಒಂದು ಬಿಳಿ ಆಕೃತಿ ನಿಂತಿತ್ತು. ಹುಬ್ಬೂ ಬಿಳಿ, ಮೀಸೆಯೂ ಬಿಳಿ. ಯಾರಪ್ಪಾ ನೀನು ಎಂದೆ.

"ನಾನೇ ಅಜ್ಜಿ, ಬೇಕರಿಯವ್ನು! ತೆರೆಯೋ ಗುಂಡಿ ಒತ್ತಿದ್ದೇ ತಡ, ಗಿರಗಿರ ತಿರುಗ್ತಿರೋವಾಗ್ಲೇ ಮುಚ್ಚಳ ಬಾಯಿಬಿಡ್ತು. ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಿಮ್ಮ ಯಂತ್ರ ನಿಮ್ಮ ಮನೇಲಿರುತ್ತೆ!"

ಸೊಸೆ ಮೊದಲು ನಕ್ಕಳು. ಆಮೇಲೆ ಮುಖ ಸಣ್ಣದಾಯಿತು. ಮೊದಲನೆಯದೇ ವಾಪಸು ಬಂದರೆ ಎರಡನೆಯದನ್ನು ಯಾರು ಕೊಳ್ಳುತ್ತಾರೆ?

ಪ್ರೋಗ್ರಾಮಿನಲ್ಲಿ ಮುಚ್ಚಳದ ಫೈಲು ಅವಳದು, ಗುಂಡಿಗಳ ಫೈಲು ಮಗನದು. ಅವಳ ಫೈಲಿನಲ್ಲಿ ಎರಡು ಫಂಕ್ಷನ್, ಅಂದರೆ ಹೆಸರು ಹಿಡಿದು ಕರೆದರೆ ತಮ್ಮ ಕೆಲಸ ಮಾಡುವ ತುಣುಕುಗಳು. ಒಂದು ಯಂತ್ರವನ್ನು ನಿಲ್ಲಿಸಿ, ನಿಂತಿತೆಂದು ಖಾತ್ರಿಯಾದ ಮೇಲೆ ಇನ್ನೊಂದನ್ನು ಕರೆಯುತ್ತದೆ. ಆ ಇನ್ನೊಂದಕ್ಕೆ ಹಿಂದುಮುಂದು ಗೊತ್ತಿಲ್ಲ. ಕರೆದರೆ ಸಾಕು, ಮುಚ್ಚಳ ಎತ್ತಿಬಿಡುತ್ತದೆ. ಮಗ ತನ್ನ ಫೈಲಿನಿಂದ ಕರೆದದ್ದು ಅದನ್ನೇ.

"ರೀ, ಅದು ನನ್ನ ಫೈಲಿನ ಒಳಗಿಂದು. ಅದನ್ಯಾಕೆ ಕರೆದ್ರಿ?"

"ಹೆಡರಲ್ಲಿ ಕಾಣ್ತು, ಹೆಸರೂ ಚಿಕ್ಕದಿತ್ತು, ಕರೆದೆ."

"ಕಂಡವರನ್ನೆಲ್ಲ ಕರೀತೀರಾ?"

"ಕರೀಬಾರದು ಅಂದ್ರೆ ಬಾಗಿಲಲ್ಲಿ ಯಾಕೆ ನಿಲ್ಸಿದ್ದೆ?"

ಸೊಸೆ ನಾಲಿಗೆ ಕಚ್ಚಿಕೊಂಡಳು. ಬೇರೆ ಫೈಲಿನವರು ಕರೆಯಬಹುದಾದವುಗಳ ಘೋಷಣೆ ಮಾತ್ರ ಹೆಡರ್ ಫೈಲಿನಲ್ಲಿರಬೇಕು. ಅವಸರದಲ್ಲಿ ಎರಡನ್ನೂ ಬರೆದಿದ್ದಳು. ಮುಚ್ಚಳ ಎತ್ತುವುದರ ಘೋಷಣೆಯನ್ನು ಅಲ್ಲಿಂದ ಅಳಿಸಿದಳು.

"ಇಷ್ಟು ಸಾಲದು ಅತ್ತೆ. ನಿಮ್ಮ ಮಗ ಘೋಷಣೇನ ತಾವೇ ಬರ್ಕೊಂಡು ಕರೆದಾರು" ಎನ್ನುತ್ತ ಆ ಫಂಕ್ಷನ್ನಿನ ಮುಂದೆ ಸ್ಟ್ಯಾಟಿಕ್ ಎಂಬ ಒಂದು ಪದ ಸೇರಿಸಿದಳು. ಇನ್ನು ಆ ಹೆಸರು ಹಿಡಿದು ಅವಳ ಫೈಲಿನಾಚೆ ಯಾರು ಕೂಗಿದರೂ ಅದು ಓಗೊಡುವುದಿಲ್ಲವಂತೆ.

ಮಗ ತನ್ನ ಫೈಲನ್ನು ಯಂತ್ರದ ಭಾಷೆಗೆ ಇಳಿಸಲು ಮತ್ತೆ ಕಂಪೈಲ್ ಮಾಡಿದ. ಪರದೆಯ ತುಂಬ ಕೆಂಪಕ್ಷರ.

"ಅಂಥವರು ಯಾರೂ ಇಲ್ಲ ಅಂತಿದೆ ಕಣೇ!"

"ಇದ್ದಾರೆ, ನಿಮಗಿಲ್ಲ!"

ಮಗ ತೆಪ್ಪಗೆ, ಮೊದಲು ಯಂತ್ರ ನಿಲ್ಲಿಸುವ ಫಂಕ್ಷನ್ನಿನ ಉದ್ದ ಹೆಸರನ್ನೇ ಬರೆದ.

ಸಂಜೆ ನಾವು ಮೂವರೂ ಹೋದಾಗ ಬೇಕರಿಯವನು ಒಳಗೇ ಕೊಡೆ ಬಿಚ್ಚಿ ಹಿಡಿದು ನಿಂತಿದ್ದ. ಮಗ ಹೊಸ ಪ್ರೋಗ್ರಾಮನ್ನು ಯಂತ್ರಕ್ಕೆ ತುಂಬಿ ಚಾಲೂ ಮಾಡಿದ, ಅದು ಗಿರ್ರೆಂದು ನಾದತೊಡಗಿತು. ಸೊಸೆ ಕಣ್ಣುಮುಚ್ಚಿ ಗುಂಡಿ ಒತ್ತಿದಳು. ಯಂತ್ರ ಮೆಲ್ಲಗಾಯಿತು, ನಿಂತಿತು. ಆಮೇಲೆ ಮುಚ್ಚಳ ಮದುಮಗಳ ಹಾಗೆ ನಿಧಾನವಾಗಿ ತಲೆಯೆತ್ತಿತು. ಹಿಟ್ಟು ಪಾತ್ರೆಯಲ್ಲೇ ಇತ್ತು.

ಅವನು ಕೊಡೆಯ ಕೆಳಗಿನಿಂದ ಕೈ ಚಾಚಿ ಯಂತ್ರ ಚಾಲೂ ಮಾಡಿ ತಾನೇ ಒತ್ತಿದ. ಮತ್ತೆ ಚಾಲೂ, ಮತ್ತೆ ಒತ್ತು.

"ಇಲ್ಲೇ ಇರ್ಲಿ ಬಿಡಮ್ಮ ಇದು" ಎಂದ, ಒತ್ತುತ್ತಲೇ.

"ಅಣ್ಣಾ, ಈಗಲಾದ್ರೂ ಕೊಡೆ ಮಡಚಿ!" ಎನ್ನುತ್ತ ಸೊಸೆ ಹೊಟ್ಟೆ ಹಿಡಿದುಕೊಂಡು ಬೆಳಗಿನ ಹಿಟ್ಟು ಇನ್ನೂ ಹರಡಿದ್ದ ನೆಲದ ಮೇಲೇ ಕೂತಳು.