ಭೀಮತ್ತೆಗೆ ನೆಲ ತೋರಿಸಿದವರು

ನಮ್ಮ ದೇಶದಲ್ಲಿ ಕಂಪ್ಯೂಟರ್ ಆಟಗಳನ್ನು ತಯಾರಿಸುವವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ, ಮದರಾಸಿನ ನುಂಗಂಬಾಕ್ಕಂನ ಒಂದು ಮಹಡಿ ಕೋಣೆಯಲ್ಲಿ ಕುಳಿತು, ಕಂಪ್ಯೂಟರನ್ನು ಹೆಚ್ಚುಕಡಿಮೆ ಮುಟ್ಟದೆಯೇ ಐದು ಆಟಗಳನ್ನು ಕಟ್ಟಿದ ಶ್ರೀ ಬದರಿನಾಥರು ಈ ಮಾರ್ಚಿಗೆ ಅರುವತ್ತು ತುಂಬಿ ನಿವೃತ್ತರಾಗುತ್ತಿದ್ದಾರೆ. ಪೆನ್ಸಿಲ್, ರಬ್ಬರ್ ಮತ್ತು ಚೌಕದ ಹಾಳೆಗಳು ಅವರ ಸಲಕರಣೆಗಳು. ಈ ಕ್ಷೇತ್ರದಲ್ಲಿ ಅವರಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅವರ ಕುರಿತು ಬರೆಯಬೇಕೆಂದು ಈ ಅಭಿನಂದನ ಸಂಪುಟದ ಸಂಪಾದಕರು ಕೇಳಿದಾಗ ಹೆಚ್ಚು ಬರೆಯಲಾರೆ ಎಂದೆ. ಆದಷ್ಟು ಸಾಕು ಎಂದರು.

ಬದರಿನಾಥರದು ನಾಲ್ಕು ತಲೆಮಾರಿನಿಂದ ಪುರಸೈವಾಕ್ಕಂನಲ್ಲಿ ನೆಲೆಸಿದ ಮಾಧ್ವ ಮನೆತನ. ಇಪ್ಪತ್ತೆರಡು ವರ್ಷ ಒಂದು ಕಟ್ಟಡ ಸಂಸ್ಥೆಯಲ್ಲಿ ನಕ್ಷೆಗಾರರಾಗಿದ್ದ ಅವರು ಹೆಚ್ಚಾಗಿ ಬರೆದದ್ದು ಮೆಟ್ಟಿಲುಗಳನ್ನು. 1995ರಲ್ಲಿ ನಮ್ಮ ಸಂಸ್ಥೆಯನ್ನು ಆರಂಭಿಸಿದ ಶ್ರೀ ಹರಿದಾಸರು ಅವರನ್ನು ಕರೆತಂದು, ಜಿಗಿದು ದಾಟುವಂಥ ಒಂದು ಆಟ ಬೇಕೆಂದು ಕೇಳಿದರಂತೆ. ಬದರಿನಾಥರಿಗೆ ನೆನಪಾದದ್ದು ಅವರ ಸೋದರತ್ತೆ ಭೀಮಾಬಾಯಿ. ಮೊಟ್ಟೆಮಾಡಿ ಎಂದು ಮದರಾಸಿನವರು ಕರೆಯುವ ಬಯಲು ತಾರಸಿಯಲ್ಲಿ ಸಂಡಿಗೆ ಒಣಹಾಕಿ, ಮಡಿಸಿದ ಕೊಡೆ ಹಿಡಿದು ಕಾಗೆ ಓಡಿಸುತ್ತಿದ್ದ ಆಕೆಯೇ ಆಟದ ನಾಯಕಿ ಭೀಮತ್ತೆಯಾದರು. ಒಂದು ತಾರಸಿಯಿಂದ ಇನ್ನೊಂದಕ್ಕೆ ಜಿಗಿಯುತ್ತ ಊರಿನ ಸಂಡಿಗೆಯನ್ನೆಲ್ಲ ಕಾಯುವುದು ಅವರ ಕೆಲಸ. ತಮಿಳು ಮಕ್ಕಳೂ ಅವರನ್ನು ಅತ್ತೆ ಎಂದೇ ಕರೆದರು.

ಹಾಳೆಯ ಒಂದು ಚೌಕವೆಂದರೆ ಅತ್ತೆಯ ಒಂದು ಹೆಜ್ಜೆ. ನಾಲ್ಕು ಚೌಕ ಅತ್ತೆ ಹಾರಬಲ್ಲ ದೂರ. ಐದಾದರೆ ಕೆಳಗಿನ ಓಣಿಗೆ ಬೀಳುವುದೇ. ಬಿದ್ದವನಿಗೆ ತಪ್ಪು ತನ್ನದೇ ಎನ್ನಿಸಬೇಕು, ಆಗ ಮಾತ್ರ ಅವನು ಮತ್ತೆ ಆಡುತ್ತಾನೆ ಎನ್ನುವುದು ಬದರಿನಾಥರು ನಮಗೆಲ್ಲ ಹೇಳಿಕೊಟ್ಟ ಮೊದಲ ಪಾಠ.

ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ 1998ರ ಜೂನ್‌ನಲ್ಲಿ ನಾನು ಈ ಸಂಸ್ಥೆ ಸೇರಿದಾಗ ನನಗೆ ತಮಿಳು ಬರುತ್ತಿರಲಿಲ್ಲ. ತಾಂಬರಂನಲ್ಲಿ ಮನೆ. ಮೊದಲ ವಾರವೇ ಬದರಿನಾಥರು ತಾಂಬರಂನಿಂದ ನುಂಗಂಬಾಕ್ಕಂವರೆಗಿನ ಸ್ಟೇಷನ್ನುಗಳನ್ನು ಚೌಕದ ಹಾಳೆಯ ಮೇಲೆ ಬರೆದು, ಎಲ್ಲಿ ಪ್ಲಾಟ್‌ಫಾರಂ ಎಡಕ್ಕೆ ಬರುತ್ತದೆ, ಎಲ್ಲಿ ಬಲಕ್ಕೆ ಎಂದು ಗುರುತು ಹಾಕಿಕೊಟ್ಟರು. ಆ ಹಾಳೆ ಇನ್ನೂ ಇದೆ. ಎದುರಿನ ಮೇಜಿನಲ್ಲಿ ಕೂರುತ್ತಿದ್ದ ಗುರುಚರಣರನ್ನು ನಾನು 2000ದಲ್ಲಿ ಮದುವೆಯಾದೆ. ನನ್ನ ಕಡೆಯಿಂದ ಬಂದವರು ಕಡಿಮೆಯಿದ್ದರು. ಪುರಸೈವಾಕ್ಕಂನ ಅಂಗಡಿಗಳನ್ನೆಲ್ಲ ಸುತ್ತಿ ಧಾರೆ ಸೀರೆ ಕೊಡಿಸಿದವರು ಭೀಮಾಬಾಯಿ.

ಮರುವರ್ಷ ಭೀಮತ್ತೆಯನ್ನು ಮೂರು ಆಯಾಮಕ್ಕೆ ತರುವುದೆಂದು ನಿಶ್ಚಯವಾಯಿತು. ಅದುವರೆಗಿನ ಮೂರು ಆಟಗಳಲ್ಲಿ ಅತ್ತೆ ಎಡಕ್ಕೆ, ಬಲಕ್ಕೆ ಮಾತ್ರ ಓಡಿದವರು. ಒಂದೇ ಚಿತ್ರವನ್ನು ತಿರುಗಿಸಿ ಎರಡೂ ಕಡೆಗೆ ಬಳಸುತ್ತಿದ್ದುದರಿಂದ ಅವರ ಮೂಗುಬೊಟ್ಟು ಯಾವಾಗಲೂ ನಮ್ಮ ಕಡೆಗೇ ಇರುತ್ತಿತ್ತು. ಈಗ ಪೂರ್ತಿ ಮುಖ ಮಾಡಬೇಕಾದಾಗ ಬೊಟ್ಟು ಯಾವ ಹೊಳ್ಳೆಗೆ ಎಂಬ ಪ್ರಶ್ನೆ ಎದ್ದಿತು. ಬದರಿನಾಥರು ಇದಕ್ಕೆ ಎರಡು ದಿನ ತೆಗೆದುಕೊಂಡರು. ಬಂಧುಗಳಿಗೆಲ್ಲ ಫೋನ್ ಮಾಡಿದರು. ಕೊನೆಗೆ ಭೀಮಾಬಾಯಿಯವರೇ ತೀರ್ಪು ಕೊಟ್ಟರು: "ಎರಡೂ ಕಡೆ ಇಡೋ. ನಾನೇನು ಅರ್ಧ ಮುಖದವಳಾ?"

ಆಡುವವರಿಗೆ ಅತ್ತೆ ಎಲ್ಲಿಂದ, ಹೇಗೆ ಕಾಣಬೇಕೆಂದು ನಿರ್ಧರಿಸುವ ಭಾಗಕ್ಕೆ ನಾವು ಕ್ಯಾಮೆರಾ ಎನ್ನುತ್ತಿದ್ದೆವು. ಅತ್ತೆಯ ಹಿಂದೆಯೇ ಸಾಗುವ ಅದನ್ನು ಬರೆದವರು ಗುರುಚರಣರು. ಅದು ಮುಗಿದು ಎರಡು ವಾರಕ್ಕೆ, 2001ರ ಆಗಸ್ಟ್‌ನಲ್ಲಿ, ಅವರು ತೀರಿಕೊಂಡರು. ಆರು ದಿನದ ಜ್ವರ. ಹದಿನೆಂಟನೆಯ ದಿನ ನಾನು ಕೆಲಸಕ್ಕೆ ಬಂದೆ. ಮನೆಯಲ್ಲಿ ಮಾಡುವಂಥದ್ದೇನೂ ಇರಲಿಲ್ಲ.

ನವೆಂಬರಿನಲ್ಲಿ ಹನ್ನೆರಡು ಕಾಲೇಜು ವಿದ್ಯಾರ್ಥಿಗಳನ್ನು ಕರೆಸಿ ಆಡಲು ಕೊಟ್ಟೆವು. ಹನ್ನೊಂದು ಮಂದಿ ಮೊದಲನೆಯ ಓಣಿಯನ್ನೇ ದಾಟಲಿಲ್ಲ. ಓಣಿ ಇದ್ದದ್ದು ನಾಲ್ಕೇ ಚೌಕ. ತಲೆ ಸುತ್ತುತ್ತದೆ, ಕಾಲು ಎಲ್ಲಿ ಬೀಳುತ್ತದೆಂದು ತಿಳಿಯುವುದಿಲ್ಲ ಎಂದರು. ದೋಷ ಕ್ಯಾಮೆರಾದ್ದು, ಅದನ್ನು ಪೂರ್ತಿ ತೆಗೆದು ಹೊರಗಿನವರಿಂದ ಬೇರೆ ಬರೆಸೋಣ ಎಂದು ಹರಿದಾಸರು ಸಭೆಯಲ್ಲಿ ಹೇಳಿದರು. ಅವರ ಮಾತು ನ್ಯಾಯವಾದದ್ದೇ. ಅದನ್ನು ತಿದ್ದಬಲ್ಲವಳು ನಾನೊಬ್ಬಳೇ ಇದ್ದೆ, ಆದರೆ ಆಗಸ್ಟಿನಿಂದ ನಾನು ಆ ಕಡತವನ್ನು ತೆರೆದಿರಲಿಲ್ಲ. ಗುರುಚರಣರು ಮಾಡಿ ಮುಗಿಸಿದ ಕೆಲಸವೆಂದು ಉಳಿದದ್ದು ಅದೊಂದೇ.

"ತೆಗೆಯೋಕೆ ಮುಂಚೆ ಒಂದು ಸಲ ಓದಿ ನೋಡೋಣ ಹರಿ. ಒಂದು ತಿಂಗಳು ಕೊಡು" ಎಂದರು ಬದರಿನಾಥರು.

"ನಿಮಗೆ ಅದೆಲ್ಲ ಅರ್ಥ ಆಗುತ್ತಾ ಸಾರ್?"

"ಆಗಲ್ಲ. ಮಾನಸ ಓದ್ತಾಳೆ, ನಾನು ಕೇಳ್ತೀನಿ. ನಮ್ಮಾತ್ತಿನಲ್ಲಿ ಅರ್ಧ ಜನಕ್ಕೆ ಸಂಸ್ಕೃತ ಬರಲ್ಲ. ಅದಕ್ಕೇಂತ ಪಾರಾಯಣ ನಿಂತಿದೆಯಾ?"

ಅವರು ಆತ್ತು ಎನ್ನುತ್ತಿದ್ದ ಅವರ ಮನೆಯಲ್ಲಿ ನಿತ್ಯ ಪಾರಾಯಣವಿತ್ತು. ಅದೇ ಕ್ರಮವನ್ನು ಅವರು ಆಫೀಸಿಗೂ ತಂದರು. ಗುರುಚರಣರ ಪ್ರೋಗ್ರಾಂ ಅಚ್ಚು ಹಾಕಿದಾಗ ಮೂವತ್ತು ಪುಟವಾಯಿತು. ದಿನವೂ ಊಟವಾದ ಮೇಲೆ ಕಿಟಕಿಯ ಪಕ್ಕ ಕೂತು ನಾನು ಒಂದು ಪುಟ ಓದಬೇಕು, ಪ್ರತಿ ಸಾಲಿನ ಅರ್ಥವನ್ನು ಕನ್ನಡದಲ್ಲಿ ಹೇಳಬೇಕು. ಅವರು ಚೌಕದ ಹಾಳೆಯ ಪುಸ್ತಕದ ಮೇಲೆ ತಲೆ ಬಗ್ಗಿಸಿ ಪೆನ್ಸಿಲ್ ಆಡಿಸುತ್ತ ಕೇಳುವರು. ಬೇಗ ಮುಗಿಸೋಣವೆಂದು ನಾನು ಮುಂದಿನ ಪುಟಕ್ಕೆ ಕೈ ಹಾಕಿದರೆ "ಅವಸರ ಎದುಕ್ಕು? ನಾಳೆ ಇದೆಯಲ್ಲ" ಎಂದು ತಡೆಯುವರು. ಆ ದಿನಗಳಲ್ಲಿ ನನಗೆ ನಾಳೆ ಎಂದರೆ ಆ ಒಂದು ಪುಟವೇ ಆಗಿತ್ತು.

ಐದನೆಯ ಪುಟದಲ್ಲಿ, ಲೆಕ್ಕಗಳ ನಡುವೆ, ಗುರುಚರಣರು ತಮಗಾಗಿ ಬರೆದುಕೊಂಡ ಒಂದು ಟಿಪ್ಪಣಿಯಿತ್ತು. ಈ ಕೋನ ಸರಿಯೇ, ಮಾನಸಳನ್ನು ಕೇಳಬೇಕು ಎಂದು. ಅವರು ಕೇಳಿರಲಿಲ್ಲ. ನಾನು ಓದುವುದನ್ನು ನಿಲ್ಲಿಸಿದೆ. ಬದರಿನಾಥರು ಪೆನ್ಸಿಲನ್ನು ಚೂಪು ಮಾಡಲು ಕುಳಿತರು. ಅದು ಆಗಲೇ ಚೂಪಾಗಿತ್ತು. ಸುಮಾರು ಹೊತ್ತು ಹೆರೆದರು. ಆಮೇಲೆ ನಾನು ಓದಿದೆ. ಕೋನ ಸರಿಯಾಗಿತ್ತು.

ಹತ್ತೊಂಬತ್ತನೆಯ ದಿನ, ಅತ್ತೆ ಎಷ್ಟು ಮೇಲೇರಿದರೆ ನೋಟವೂ ಅಷ್ಟೇ ಮೇಲೇರಬೇಕು ಎಂಬ ಸಾಲು ಬಂತು. ಅವರು ತಲೆಯೆತ್ತಿದರು.

"ಅತ್ತೆ ಹಾರಿದ್ರೆ ನೋಡ್ತಾ ಇರೋನೂ ಯಾಕಮ್ಮ ಹಾರಬೇಕು?"

ಅತ್ತೆ ಕಣ್ಣಿನಿಂದ ಒಂದು ಕ್ಷಣವೂ ಮರೆಯಾಗಬಾರದೆಂದು ಗುರುಚರಣರು ಹಾಗೆ ಬರೆದಿದ್ದಾರೆ ಎಂದೆ. ನನ್ನ ದನಿ ಸ್ವಲ್ಪ ಏರಿರಬೇಕು.

"ಪ್ರೀತಿಯಿಂದಲೇ ಬರೆದಿದ್ದಾನೆ. ಆದ್ರೆ ಜೊತೆಗೆ ಹಾರಿದ್ರೆ ನೆಲಾನೂ ಅಲ್ಲಾಡುತ್ತಲ್ಲ, ಅತ್ತೆ ಕಾಲೆಲ್ಲಿ ಇಡ್ತಾಳೆ? ಯಾರಾದ್ರೂ ಒಬ್ರು ಕೆಳಗೆ ನಿಂತಿರಬೇಕಮ್ಮ."

ಹಳೆಯ ಆಟಗಳಲ್ಲಿ ಅತ್ತೆ ಹಾರುವಾಗ ತಾರಸಿ ಅಲುಗುತ್ತಿರಲಿಲ್ಲ. ಅದು ಎಷ್ಟು ಸಹಜವಾಗಿತ್ತೆಂದರೆ ನಾವು ಯಾರೂ ಅದನ್ನು ಗಮನಿಸಿಯೇ ಇರಲಿಲ್ಲ. ನಾನು ಆ ಸಾಲನ್ನು ಅಳಿಸಲು ಹೊರಟಾಗ ಬದರಿನಾಥರು ಬೇಡವೆಂದರು. ಅತ್ತೆ ಮೆಟ್ಟಿಲು ಹತ್ತುವಾಗ ಅದು ಬೇಕಲ್ಲವೇ ಎಂದು ಕೇಳಿದರು. ಹೌದು, ಬೇಕಿತ್ತು. ಅತ್ತೆಯ ಕಾಲು ನೆಲದ ಮೇಲಿದ್ದರೆ ಮಾತ್ರ ಎಂಬ ಒಂದು ಷರತ್ತನ್ನು ಅದರ ಮೇಲೆ ಸೇರಿಸಿದೆ. ಗುರುಚರಣರ ಸಾಲು ಅಲ್ಲೇ ಉಳಿಯಿತು. ನಾಲ್ಕು ತಿಂಗಳಲ್ಲಿ ನಾನು ಬರೆದ ಮೊದಲ ಸಾಲು ಅದು.

ಕಾರಣ ಸಿಕ್ಕಿದ ಮೇಲೂ ಓದು ನಿಲ್ಲಲಿಲ್ಲ. ಪಾರಾಯಣವನ್ನು ನಡುವೆ ಬಿಡುವ ಹಾಗಿಲ್ಲ ಎಂದರು. ಮೂವತ್ತೂ ಪುಟ ಓದಿದೆ. ಪೊಂಗಲ್ ಕಳೆದ ಮೇಲೆ ಅದೇ ವಿದ್ಯಾರ್ಥಿಗಳು ಮತ್ತೆ ಬಂದರು. ಹತ್ತು ಮಂದಿ ಓಣಿ ದಾಟಿದರು. ಹೊರಗಿನವರ ಮಾತನ್ನು ಹರಿದಾಸರು ಮತ್ತೆ ಎತ್ತಲಿಲ್ಲ. ಏಪ್ರಿಲ್‌ನಲ್ಲಿ ಆಟ ಅಂಗಡಿಗೆ ಬಂತು, 'ಕ್ಯಾಮೆರಾ: ಗುರುಚರಣ' ಎಂಬ ಸಾಲಿನೊಂದಿಗೆ. ಮೊದಲ ಪ್ರತಿಯನ್ನು ಭೀಮಾಬಾಯಿಯವರಿಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, ಅಣ್ಣನ ಮಗನ ಕಡೆ ತಿರುಗಿದರು. "ಎರಡು ಮೂಗುಬೊಟ್ಟು ಹಾಕಿಸಿದೀಯ. ಊರಿಗೆಲ್ಲ ತೋರಿಸ್ತಿರೋದು ನನ್ನ ಬೆನ್ನು." ಆ ದಿನ ನಾನು ನಕ್ಕೆನೆಂದು ಬದರಿನಾಥರು ಆಮೇಲೆ ಹೇಳಿದರು. ನನಗೆ ನೆನಪಿಲ್ಲ.

ಅನಂತರ ಇನ್ನೊಂದು ಭೀಮತ್ತೆ ಆಟ ಬಂತು. ಹೊಸಬರು ಬಂದರು. ಚೌಕದ ಹಾಳೆ ಯಾರಿಗೂ ಬೇಡವಾಯಿತು. ಬದರಿನಾಥರು ಬೇಸರಿಸದೆ ಅವರಿಗೂ ನಾಲ್ಕು ಚೌಕದ ಲೆಕ್ಕವನ್ನು ಹೇಳಿಕೊಟ್ಟರು.

ಕಳೆದ ವಾರ ಅವರು ಮೇಜು ಖಾಲಿ ಮಾಡುವಾಗ ಪಾರಾಯಣದ ದಿನಗಳ ಆ ಚೌಕದ ಹಾಳೆಯ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಾನು ಓದುತ್ತಿದ್ದಾಗ ಅವರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರೆಂದೇ ಇಷ್ಟು ವರ್ಷ ನಂಬಿದ್ದೆ. ಒಂದು ಅಕ್ಷರವೂ ಇರಲಿಲ್ಲ. ಒಂದೇ ಹಾಳೆಯಲ್ಲಿ, ಕೆಳಗಿನಿಂದ ಮೇಲಕ್ಕೆ, ದಿನಕ್ಕೊಂದರಂತೆ ಮೂವತ್ತು ಮೆಟ್ಟಿಲುಗಳಿದ್ದವು. ಹತ್ತೊಂಬತ್ತನೆಯದು ಉಳಿದವುಗಳಂತೆಯೇ ಇತ್ತು. ಐದನೆಯದರ ಗೆರೆ ಮಾತ್ರ ದಪ್ಪ, ಒಂದೇ ಗೆರೆಯ ಮೇಲೆ ಹಲವು ಸಲ ಪೆನ್ಸಿಲ್ ಆಡಿಸಿದ ಹಾಗೆ.

ಮೂವತ್ತರ ಮೇಲೆ ಹಾಳೆ ಇನ್ನೂ ಖಾಲಿಯಿದೆ. ಪುಸ್ತಕವನ್ನು ಈ ಸಂಪುಟದ ಜೊತೆಗೆ ಅವರಿಗೇ ಹಿಂದಿರುಗಿಸುತ್ತಿದ್ದೇನೆ. ದೇವರು ಅವರಿಗೆ ಆಯುಸ್ಸನ್ನೂ ನಡುಗದ ಕೈಯನ್ನೂ ಕೊಡಲಿ. ಅವರು ಬರೆಯಲಿ. ಬಿಡುವಿದ್ದ ದಿನ ನಾನು ಪುರಸೈವಾಕ್ಕಂಗೆ ಹೋಗಿ, ಏನಾದರೂ ಒಂದು ಪುಟ ಓದುತ್ತೇನೆ.