ನಾನು ಕಲಕಿದ ಡ್ರಮ್ಮು

ಕಳೆದ ರವಿವಾರ ಕಮಲಾಪುರದಲ್ಲಿ ಒಂದು ಎಮ್ಮೆ, ಎಂಟು ಜನರ ಸಮಕ್ಷಮ, ನನ್ನ ಕೈಕೆಲಸವನ್ನು ಮೂಸಿ ನೋಡಿ, ಒಮ್ಮೆ ಭುಸ್ ಎಂದು, ಬೆನ್ನು ತಿರುಗಿಸಿ ನಿಂತಿತು.

ಮೂವತ್ತನಾಲ್ಕು ವರ್ಷ ಸರಕಾರಿ ಕಚೇರಿಯಲ್ಲಿ ಕುಳಿತೆದ್ದವನು ನಾನು. ಹೆಡ್ ಕ್ಲರ್ಕ್ ಆಗಿ ನಿವೃತ್ತನಾದವನು. ನನ್ನ ಕೆಲಸಕ್ಕೆ ಬೆನ್ನು ತಿರುಗಿಸಿದ ಸಾಹೇಬರು ಎಷ್ಟೋ ಮಂದಿ. ಆದರೆ ಅವರಲ್ಲಿ ಯಾರೂ ಮೊದಲು ಮೂಸಿ ನೋಡುವ ತೊಂದರೆ ತೆಗೆದುಕೊಂಡಿರಲಿಲ್ಲ. ಆ ಮಟ್ಟಿಗೆ ಎಮ್ಮೆಯದು ಕ್ರಮಬದ್ಧ ವಿಚಾರಣೆ ಎಂದೇ ಹೇಳಬೇಕು.

ಮತ್ತು ಆ ಬೆನ್ನು ತಿರುಗಿಸಿದ್ದರಿಂದಲೇ ಅಂದು ಒಂದು ಮನೆ ಗೆದ್ದಿತು. ಹೇಗೆ ಅಂತೀರಾ? ಮೊದಲಿಂದ ಹೇಳುತ್ತೇನೆ.

ಶುರುವಾಗಿದ್ದು ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಗೋಡೆಯಿಂದ. ಸಂಕ್ರಮಣಕ್ಕೆ ಮುಂಚೆ ಬಣ್ಣ ಹಚ್ಚಿಸುವ ಕೆಲಸ ನಡೆದಿತ್ತು. ಹಚ್ಚಿದ ಬಣ್ಣ ಒಣಗಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡುವುದು ಮನೆಯ ಯಜಮಾನನ ಕರ್ತವ್ಯ ಎಂದು ನಾನು ನಂಬಿದ್ದೇನೆ. ಕರ್ತವ್ಯವನ್ನು ಮೂರು ಸಲ ನಿರ್ವಹಿಸಿದೆ. ನಡುಮನೆಯ ಗೋಡೆಯ ಮೇಲೆ ಮೂರು ಹೆಬ್ಬೆಟ್ಟು ಮೂಡಿದವು. (ಆಸ್ತಿ ನೋಂದಣಿಗೆ ಸಾಲುವಷ್ಟು ಸ್ಪಷ್ಟವಾಗಿದ್ದವು.)

"ಸಾಬ್, ಹಾತ್ ಮತ್ ಲಗಾವ್. ಜರಾ ಒಣಗಾಕ ಬಿಡ್ರಿ," ಅಂದ ಪೇಂಟರ್.

ನಮ್ಮ ಮನೆಯವರು ಪೇಂಟರನ ಪಕ್ಷ ವಹಿಸಿದರು. "ನೀವು ಇರೋತನಕ ಈ ಗ್ವಾಡಿ ಒಣಗೂದಿಲ್ಲ. ಎಂಟು ದಿನ ಕಮಲಾಪುರಕ್ಕ ಹೋಗಿ ಇದ್ದು ಬರ್ರಿ. ಶರಣಪ್ಪನವರು ಎಷ್ಟು ಸಲ ಕರದಾರ."

ಹೀಗೆ ನನ್ನ ಗಡೀಪಾರಿನ ಆದೇಶ ಜಾರಿಯಾಯಿತು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಶರಣಪ್ಪ ನನ್ನ ಹೈಸ್ಕೂಲಿನ ಗೆಳೆಯ. ಒಂದೇ ಬೆಂಚು, ಒಂದೇ ಏಟು. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ, ಒಂದಿಷ್ಟು ಹೊಲ, ಎರಡು ಎಮ್ಮೆ. ಮಗ ಬಾಳೆಹಣ್ಣಿನ ವ್ಯಾಪಾರಕ್ಕೆ ಊರೂರು ತಿರುಗುತ್ತಾನೆ. ಎಮ್ಮೆ, ಮೇವು, ಹಾಲು, ಹೈನು ಎಲ್ಲ ಸೊಸೆ ಮಹಾದೇವಿಯ ಖಾತೆ. ಮಾವ ಮಾತ್ರ ಮುಖ್ಯಮಂತ್ರಿ.

ನಾನು ಹೋದಾಗ ಸಚಿವ ಸಂಪುಟದಲ್ಲಿ ಬಿಕ್ಕಟ್ಟು ನಡೆದಿತ್ತು. ಪ್ರತಿ ಬೇಸಿಗೆಗೆ ಹಸಿ ಮೇವು ಮುಗಿದುಹೋಗುತ್ತದೆ. ಉಳಿಯುವುದು ಒಣ ಕಣಕಿ. ಬರೀ ಜೋಳದ ದಂಟು ತಿಂದು ಎಮ್ಮೆ ಎಷ್ಟು ಹಾಲು ಕೊಟ್ಟೀತು? ಅದಕ್ಕೇ ಶರಣಪ್ಪ ತೀರ್ಮಾನ ಮಾಡಿದ್ದ: ಯುಗಾದಿಗೆ ಮೊದಲು ಸಣ್ಣ ಎಮ್ಮೆ ಚಂದ್ರಿಯನ್ನು ಮಾರಿಬಿಡುವುದು. ಕೊಳ್ಳುವವನು ಆಗಲೇ ಎರಡು ಸಲ ಬಂದು ಹಲ್ಲು ನೋಡಿಹೋಗಿದ್ದ.

ಚಂದ್ರಿ ಹುಟ್ಟಿದ ದಿನವೇ ತಾಯಿ ಎಮ್ಮೆ ಸತ್ತಿತ್ತು. ಬಾಟಲಿ ಹಿಡಿದು ಹಾಲು ಕುಡಿಸಿ ಬೆಳೆಸಿದವಳು ಮಹಾದೇವಿ. ಈಗ ಮಾರು ಅಂದರೆ?

ಅವಳು ಅಳಲಿಲ್ಲ. ನಾನು ಹೋಗುವಷ್ಟರಲ್ಲಿ ಮೇವು ಕಾಪಿಡುವ ತರಬೇತಿಗೆ ಹೋಗಿಬಂದಿದ್ದಳು. ಕಪನೂರಿನಿಂದ ಮುಚ್ಚಳವಿರುವ ನಾಲ್ಕು ನೀಲಿ ಡ್ರಮ್ಮು ತರಿಸಿದ್ದಳು. "ಹಾಲುಗಾಳಿನ ಗೋವಿನಜೋಳ ದಂಟುಸಮೇತ ಸಣ್ಣಗ ಕತ್ತರಸತೀನಿ ಕಾಕಾ. ಬೆಲ್ಲದ ನೀರು, ಮಜ್ಜಿಗಿ ಚಿಮಕಿಸಿ, ತುಳದು ತುಂಬಿ, ಬಿಗಿ ಮುಚ್ಚತೀನಿ. ನಲವತ್ತೈದು ದಿನಕ್ಕ ಹದಾ ಹುಳಿ ಬರತದ. ಬ್ಯಾಸಿಗ್ಯಾಗೂ ಹಸಿ ಮೇವು ಹಾಕಿದಂಗ."

"ಕೊಳಸಿ ತಿನಸತಾಳಂತ!" ಅಂದ ಶರಣಪ್ಪ, ನನ್ನ ಕಡೆ ತಿರುಗಿ. "ಕೇಳಿದಿ ಇಲ್ಲೋ ಪಂತ?"

"ಕೊಳಸೂದಲ್ಲ ಮಾವ, ಹುಳಿ ಬರಸೂದು. ನೀವು ಮುಂಜಾನೆ ಕುಡಿಯೋ ಅಂಬಲಿ ಹೆಂಗ ಆಗತದ? ಮೊಸರು ಹೆಂಗ ಆಗತದ? ದ್ವಾಸಿ ಹಿಟ್ಟು?"

"ಅವೆಲ್ಲ ಮನಷ್ಯಾರು ತಿನ್ನೂದು."

"ಅಂದ್ರ ಮನಷ್ಯಾರಿಗೆ ಹುಳಿ ನಡೀತದ. ಎಮ್ಮಿಗೆ ಮಡಿ ಅದ ಏನು?"

ಶರಣಪ್ಪ ಮತ್ತೆ ನನ್ನನ್ನೇ ನೋಡಿದ. (ಮಡಿಯ ವಿಷಯ ಬಂದರೆ ಎಲ್ಲರೂ ನನ್ನನ್ನೇ ನೋಡುತ್ತಾರೆ. ಅದೇನು ನನ್ನ ಖಾಸಗಿ ಇಲಾಖೆಯೇ?)

ನಾನು ಯೋಚಿಸಿದೆ. ಹುಡುಗಿ ಹೇಳುವುದು ಖರೆ. ನಮ್ಮ ಅಡುಗೆಮನೆಯಲ್ಲಿ ತಲೆಮಾರುಗಳಿಂದ ಜೀವಾಣು ಸಾಕಿಕೊಂಡು ಬಂದಿದ್ದೇವೆ. ಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಬಿಡುತ್ತೇವೆ, ಲೈಟ್ ಆರಿಸಿ ಮಲಗುತ್ತೇವೆ. ಕೋಟಿ ಕೋಟಿ ನೌಕರರು ರಾತ್ರಿಪಾಳಿ ಮಾಡಿ ಬೆಳಗಾಗುವುದರೊಳಗೆ ಮೊಸರು ಮಾಡಿಡುತ್ತಾರೆ. ಹಾಜರಿ ಪುಸ್ತಕ ಇಲ್ಲ, ಭತ್ಯೆ ಇಲ್ಲ, ಸಂಘ ಇಲ್ಲ. ಅದೇ ನೌಕರರು ಡ್ರಮ್ಮಿನಲ್ಲಿ ಕೆಲಸ ಮಾಡಿದರೆ ಅದು ಕೊಳೆತದ್ದು ಹೇಗಾದೀತು?

ನನ್ನ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ನಾಲ್ಕು ಡ್ರಮ್ಮು ಬರೀ ಸ್ಯಾಂಪಲ್. ನಲವತ್ತಾರನೇ ದಿನ ಎಲ್ಲರೆದುರು ತೆಗೆಯುವುದು. ಚಂದ್ರಿ ತಿಂದರೆ ಹಿತ್ತಲಲ್ಲಿ ದೊಡ್ಡ ಗುಂಡಿ ತೋಡಿ, ಹೊಲದಲ್ಲಿರುವ ಹಸಿ ಮೇವನ್ನೆಲ್ಲ ಹೀಗೇ ತುಂಬುವುದು; ಚಂದ್ರಿ ಮನೆಯಲ್ಲೇ ಇರುವುದು. ಮೇವು ಕೆಟ್ಟಿದ್ದರೆ ಮರುದಿನವೇ ಫೋನು, ಹಗ್ಗ, ಟೆಂಪೊ.

ತುಂಬುವ ದಿನ ಮಹಾದೇವಿ ನನ್ನನ್ನೂ ಬಿಡಲಿಲ್ಲ. ಕಾಲು ತೊಳೆಸಿ ಡ್ರಮ್ಮಿನೊಳಗೆ ಇಳಿಸಿ ಮೇವು ತುಳಿಸಿದಳು. ನಿವೃತ್ತ ಹೆಡ್ ಕ್ಲರ್ಕ್ ಒಬ್ಬ, ಪಂಚೆ ಎತ್ತಿ ಕಟ್ಟಿ, ನೀಲಿ ಡ್ರಮ್ಮಿನಲ್ಲಿ ಎದೆಮಟ ನಿಂತು ಕುಣಿಯುತ್ತಿರುವ ದೃಶ್ಯವನ್ನು ಶರಣಪ್ಪ ಫೋಟೊ ತೆಗೆದಿದ್ದಾನೆ. ಅದು ಎಲ್ಲೆಲ್ಲಿ ಹೋಗಿದೆಯೋ ನನಗೆ ತಿಳಿಯದು.

ಮುಚ್ಚಳ ಬಿಗಿದು, ಮೂರು ಡ್ರಮ್ಮಿನ ಮೇಲೆ ಭಾರವಾದ ಕಲ್ಲು ಹೇರಿದಳು. ನಾಲ್ಕನೆಯದಕ್ಕೆ ಕಲ್ಲು ಸಾಲಲಿಲ್ಲ. ಅದು ಕೊಟ್ಟಿಗೆಯ ಬಾಗಿಲ ಬಳಿ ನಿಂತಿತು.

"ಕಾಕಾ, ನಾ ಹೊಲಕ್ಕ ಹೋದಾಗ ಇವುಗಳ ಮ್ಯಾಲ ಕಣ್ಣಿಡ್ರಿ. ಮಾವ ಸಿಟ್ಟಿಗೆದ್ದು ತಿಪ್ಪಿಗೆ ಚೆಲ್ಲಿದ್ರ ಚೆಲ್ಲಿದ್ರೇ."

ಅವಳು ಕೇಳಿದ್ದು ಕಣ್ಣು. ನಾನು ಕೈಯನ್ನೂ ಕೊಟ್ಟೆ.

ನಮ್ಮ ಮನೆಯ ಪದ್ಧತಿ ನಿಮಗೆ ಹೇಳಬೇಕು. ಹೊಸ ಉಪ್ಪಿನಕಾಯಿ ಹಾಕಿದ ಮೇಲೆ ಎಂಟು ದಿನ, ದಿನಾ ಬೆಳಗ್ಗೆ ಜಳಕ ಮಾಡಿ, ಕೈ ಒರೆಸಿಕೊಂಡು, ಒಣಗಿದ ಕಟ್ಟಿಗೆಯ ಸೌಟಿನಿಂದ ತಳದಿಂದ ಮೇಲಕ್ಕೆ ಕಲಕಬೇಕು. "ದಿನಾ ವಿಚಾರಿಸಲಾರದ ಭರಣಿಗೆ ಬೂಷ್ಟು ಹಿಡೀತದ" ಎನ್ನುವುದು ನಮ್ಮ ತಾಯಿಯ ಮಾತು. ಅವರು ಹೋದ ಮೇಲೆ ಆ ಸೌಟು ವಂಶಪಾರಂಪರ್ಯವಾಗಿ ನನ್ನ ಕೈಗೆ ಬಂದಿದೆ.

ಕಮಲಾಪುರದಲ್ಲಿ ಮುಚ್ಚಿದ ಡ್ರಮ್ಮು ನೋಡಿ ನನ್ನ ಜೀವ ತಡೆಯಲಿಲ್ಲ. ಇಷ್ಟು ದೊಡ್ಡ ಭರಣಿ, ವಿಚಾರಿಸುವವರಿಲ್ಲ!

ಮಹಾದೇವಿ ಹೊಲಕ್ಕೆ, ಶರಣಪ್ಪ ತೋಟಕ್ಕೆ ಹೋದ ಮೇಲೆ ನಾನು ಜಳಕ ಮಾಡಿದೆ. ಕೈ ಒರೆಸಿಕೊಂಡೆ. ಬಾಗಿಲ ಬಳಿಯ ಡ್ರಮ್ಮಿನ ಮುಚ್ಚಳ ತೆಗೆದು, ಒಣ ಕೋಲಿನಿಂದ ತಳದವರೆಗೆ ಕೈಯಾಡಿಸಿ ಮತ್ತೆ ಮುಚ್ಚಿದೆ. ಹೀಗೆ ಆರು ಬೆಳಗು. ಉಳಿದ ಮೂರನ್ನೂ ಉದ್ಧಾರ ಮಾಡುವ ಆಸೆ ಇತ್ತು. ಆದರೆ ಆ ಕಲ್ಲು ಎತ್ತಲು ನನ್ನ ಸೊಂಟ ಒಪ್ಪಲಿಲ್ಲ. ಆ ಅನಾಥ ಡ್ರಮ್ಮುಗಳನ್ನು ನೋಡಿ ಮರುಕಪಟ್ಟೆ. ನಲವತ್ತಾರನೇ ದಿನ ನನ್ನ ಡ್ರಮ್ಮೊಂದೇ ಮಹಾದೇವಿಯ ಮಾನ ಕಾಯುತ್ತದೆ ಎಂದುಕೊಂಡು ಹೆಮ್ಮೆಯಿಂದ ಬಸ್ಸು ಹತ್ತಿ ಬಂದೆ.

ಎರಡು ವಾರ ಕಳೆದು ಅವಳ ಫೋನು. "ಕಾಕಾ, ಇನ್ನೂ ತನಕ ಯಾರೂ ಮುಟ್ಟಿಲ್ಲ ನೋಡ್ರಿ. ಒಮ್ಮೆ ಮುಚ್ಚಳ ತೆಗದ್ರ ಮುಗೀತು. ನಮಗ ಬೇಕಾದ ಜೀವಾಣುಗಳಿಗೆ ಗಾಳಿ ಬ್ಯಾಡ. ಬೂಷ್ಟಿಗೆ ಗಾಳಿ ಬೇಕು. ಗಾಳಿ ಹೊಕ್ತು ಅಂದ್ರ ಎಲ್ಲಾ ಖರಾಬ್."

"ಹೌದೇನು?" ಅಂದೆ.

ಮನೆಯವರು ನನ್ನ ಮುಖ ನೋಡಿ ಎಲ್ಲಾ ಕಕ್ಕಿಸಿದರು. "ಇವತ್ತೇ ಹೇಳಿಬಿಡ್ರಿ ಆ ಹುಡುಗಿಗೆ."

"ಸೂಕ್ತ ಸಮಯದಲ್ಲಿ ಹೇಳತೀನಿ."

ಸೂಕ್ತ ಸಮಯ ಎಂದರೇನು ಎಂದು ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ವಿವರಿಸಬೇಕಾಗಿಲ್ಲ. ಕಡತ ಡ್ರಾವರಿನಲ್ಲಿ ಉಳಿಯಿತು.

ಕಳೆದ ರವಿವಾರ, ನಲವತ್ತಾರನೇ ದಿನ, ಹೋದೆ. ಬಾಗಿಲಲ್ಲೇ ಮಹಾದೇವಿಗೆ ಹೇಳಿಬಿಡಬೇಕೆಂದು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಅಂಗಳದಲ್ಲಿ ಆಗಲೇ ನೆರೆಹೊರೆಯವರು ನೆರೆದಿದ್ದರು. "ಬಾರೋ ಪಂತ, ನೀನೇ ಪಂಚ!" ಎಂದು ಶರಣಪ್ಪ ನನ್ನ ಕೈ ಹಿಡಿದು ಎಳೆದುಕೊಂಡು ಹೋದ. ಹೋದವನೇ ಬಾಗಿಲ ಬಳಿಯ ಡ್ರಮ್ಮಿಗೆ ಕೋಲಿನಿಂದ ಬಡಿದ.

"ಇದನ್ನ ತೆಗಿ."

ತೆಗೆದಳು.

ಆ ವಾಸನೆಯನ್ನು ವರ್ಣಿಸಿ ನಿಮ್ಮ ಬೆಳಗಿನ ಚಹಾ ಕೆಡಿಸುವುದಿಲ್ಲ. ಮೇಲೆ ಅರಳೆಯಂಥ ಬಿಳಿ ಬೂಷ್ಟು, ಕೆಳಗೆ ಕಪ್ಪು ರಾಡಿ. ಹೆಂಗಸರು ಮೂಗಿಗೆ ಸೆರಗು ಹಿಡಿದರು. ಶರಣಪ್ಪ ಹಿಗ್ಗುತ್ತಾನೆ ಎಂದುಕೊಂಡಿದ್ದೆ. ಇಲ್ಲ. ಮೆತ್ತಗೆ ಅಂದ: "ಮುಗೀತಲ್ಲವ್ವ. ನಾಳಿ ಆ ಎಮ್ಮಿ ಗಿರಾಕಿಗೆ ಫೋನ್ ಮಾಡ್ತೀನಿ."

ಮಹಾದೇವಿ ಚಂದ್ರಿಯ ಹಗ್ಗ ಹಿಡಿದುಕೊಂಡು ನಿಂತಿದ್ದಳು. "ಎಲ್ಲಾ ಬರೋಬ್ಬರಿ ಮಾಡಿದ್ನಲ್ಲ. ಎಲ್ಲಿ ತಪ್ಪಿದ್ನೋ," ಅಂದಳು, ತನಗೆ ತಾನೇ.

ಡ್ರಾವರು ತೆಗೆಯದೆ ಗತ್ಯಂತರವಿರಲಿಲ್ಲ.

"ನೀ ತಪ್ಪಿಲ್ಲವ್ವ. ನಾ ಆರು ದಿನ ಮುಚ್ಚಳ ತೆಗದು ಕಲಕೀನಿ."

"ಏನು ಮಾಡೀರಿ?"

"ಕಲಕೀನಿ. ಜಳಕಾ ಮಾಡೇ ಕಲಕೀನಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮಹಾದೇವಿಯ ಕಣ್ಣಲ್ಲಿ ಕಂಡ ಬೆಂಕಿಗೆ ನಾನು ಅಲ್ಲೇ ಬೂದಿಯಾಗಬೇಕಿತ್ತು. ಆದರೆ ಅವಳ ತಲೆ ಅವಳ ಸಿಟ್ಟಿಗಿಂತ ಜೋರು.

"ಇದೊಂದೇ ಕಲಕೀರೋ, ನಾಕೂ ಕಲಕೀರೋ?"

"ಇದೊಂದೇ. ಉಳಿದವುಗಳ ಮ್ಯಾಲ ಕಲ್ಲಿದ್ದವು. ನನ್ನ ಸೊಂಟ..."

"ನಿಮ್ಮ ಸೊಂಟಕ್ಕ ಶರಣು ಕಾಕಾ!" ಎಂದವಳೇ ಎರಡನೇ ಡ್ರಮ್ಮಿನ ಕಲ್ಲು ಉರುಳಿಸಿ ಮುಚ್ಚಳ ಕಿತ್ತಳು.

ಓಹೋ! ಕಳಿತ ಬಾಳೆಹಣ್ಣಿಗೆ ಅಂಬಲಿ ಬೆರೆಸಿದಂಥ ಸಿಹಿಹುಳಿ ಗಮ. ಒಳಗೆ ಮೇವು ಉಪ್ಪಿನಲ್ಲಿ ನೆನೆದ ಮಾವಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ಒಂದು ಎಳೆ ಬೂಷ್ಟಿಲ್ಲ. ಸೆರಗುಗಳು ಮೂಗಿನಿಂದ ಇಳಿದವು.

ಶರಣಪ್ಪ ಎರಡು ಪುಟ್ಟಿಯಲ್ಲಿ ಎರಡು ಥರದ ಮೇವು ತುಂಬಿ ಚಂದ್ರಿಯ ಮುಂದಿಟ್ಟ. ಅದು ಮೊದಲು ನನ್ನದನ್ನು ಮೂಸಿತು. ಆಮೇಲಿನದು ನಿಮಗೆ ಗೊತ್ತೇ ಇದೆ. ಎಲ್ಲಿ ಬಾಯಿ ಹಾಕೀತೋ ಎಂದು ಮಹಾದೇವಿ ಆ ಪುಟ್ಟಿ ಎಳೆದುಕೊಳ್ಳಲು ಧಾವಿಸಿದಳು. ಆ ಭಯವೇ ಬೇಕಿರಲಿಲ್ಲ. ಬೆನ್ನು ತಿರುಗಿಸಿ, ಇನ್ನೊಂದು ಪುಟ್ಟಿಯಲ್ಲಿ ಮೂತಿ ಇಟ್ಟ ಎಮ್ಮೆ ಮತ್ತೆ ಮುಖ ಎತ್ತಿದ್ದು ಪುಟ್ಟಿಯ ತಳ ನೆಕ್ಕಿ ಮುಗಿಸಿದ ಮೇಲೆಯೇ.

ಶರಣಪ್ಪ ಡ್ರಮ್ಮಿನಿಂದ ಒಂದು ಹಿಡಿ ಮೇವು ತೆಗೆದು ಹಿಂಡಿ ನೋಡಿದ. ಮೂಸಿದ. ಒಂದು ಚೂರು ಬಾಯಿಗೇ ಹಾಕಿಕೊಂಡ! "ಅಂಬಲಿನೇ ಅದ ಬಿಡು," ಅಂದ. ಆಮೇಲೆ ಅವನು ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. "ಖರೆ ಹೇಳತೀನಿ ಪಂತ. ನಾಕೂ ಛಲೋ ಇದ್ದಿದ್ರ, 'ಹಸದಿತ್ತು, ಅದಕ್ಕ ತಿಂತು' ಅಂತಿದ್ದೆ. ಒಂದೇ ಹೊಲದ ಮೇವು, ಒಂದೇ ದಿನ ತುಂಬಿದ್ದು. ಒಂದು ಕೊಳತದ, ಒಂದು ಹುಳಿ ಬಂದದ. ಎರಡೂ ಒಂದೇ ಅಂತ ಕುಂತಿದ್ದೆ ನಾ. ಎಮ್ಮಿಗೆ ತಿಳದ ಫರಕ್ ನನಗ ತಿಳದಿರಲಿಲ್ಲ."

ಸೊಸೆಯ ಕಡೆ ತಿರುಗಿ, "ಗುಂಡಿ ಎಲ್ಲಿ ತೋಡಬೇಕು, ಗೆರಿ ಹಾಕಿ ತೋರಸು," ಅಂದ.

ಮಹಾದೇವಿ ಚಂದ್ರಿಯ ಹಗ್ಗ ಗೂಟಕ್ಕೆ ಕಟ್ಟಿದಳು. ಕಟ್ಟಿ, ಇನ್ನೊಂದು ಗಂಟು ಹಾಕಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿತ್ತಲಿಗೆ ಹೋಗಿ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದಳು. ಮಾವ ಎಣಿಸಿದ್ದಕ್ಕಿಂತ ಎರಡು ಮಾರು ಹೆಚ್ಚೇ ಎಳೆದಳು. ರಾಜ್ಯ ಗೆದ್ದ ರಾಣಿಯರು ಗಡಿ ಗುರುತಿಸುವುದು ಹೀಗೇ ಇರಬೇಕು.

ಅಂದಹಾಗೆ ಈ ವಿಜಯದಲ್ಲಿ ನನ್ನ ಪಾಲನ್ನು ಇತಿಹಾಸ ಮರೆಯಬಾರದು. ಒಂದು ಡ್ರಮ್ಮು ಕೆಡದಿದ್ದರೆ ಮೂರು ಡ್ರಮ್ಮಿನ ಬೆಲೆ ತಿಳಿಯುತ್ತಿರಲಿಲ್ಲ. ಇದನ್ನು ವಿನಯದಿಂದ ಮಹಾದೇವಿಯ ಗಮನಕ್ಕೆ ತಂದೆ.

"ಹೌದ್ರಿ ಕಾಕಾ, ಉಪಕಾರ ಆತು," ಅಂದಳು. "ಆದ್ರ ಗುಂಡಿ ಮುಚ್ಚಿದ ಮ್ಯಾಲ ನಲವತ್ತೈದು ದಿನ ನೀವು ಈ ಕಡಿ ಸುಳೀಬ್ಯಾಡ್ರಿ. ಬಾಳೆಹಣ್ಣು ನಾನೇ ಕಳಸತೀನಿ."

ಒಂದೇ ಚಳಿಗಾಲದಲ್ಲಿ ಎರಡನೇ ಗಡೀಪಾರು!

ಬಾಳೆಗೊನೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ಮುಚ್ಚಳ ತೆಗೆಯುವವನು ನಾನೊಬ್ಬನೇ ಏನು? ಪಾರ್ಸೆಲ್ ಎಲ್ಲಿಗೆ ಬಂತು ಅಂತ ಗಂಟೆಗೆ ನಾಲ್ಕು ಸಲ ಮೊಬೈಲ್ ಒತ್ತುವವರು ಯಾರು? ಮದುವೆಯಾಗಿ ವಾರವಾಗದ ಮಗಳಿಗೆ ದಿನಾ ಮೂರು ಹೊತ್ತು ಫೋನ್ ಮಾಡಿ "ಹೆಂಗದ ಅಲ್ಲಿ?" ಅಂತ ಕಲಕುವವರು ಯಾರು? ಓದುತ್ತಿರುವ ಮಗನ ಕೋಣೆಯ ಬಾಗಿಲು ಹತ್ತು ನಿಮಿಷಕ್ಕೊಮ್ಮೆ ಸರಿಸಿ "ಓದಾಕತ್ತಿದಿ ಹೌದಿಲ್ಲೋ?" ಅನ್ನುವವರು? ಎಲ್ಲ ಅಕ್ಕರೆಯಿಂದಲೇ. ಜಳಕ ಮಾಡಿಯೇ.

ಮೂವತ್ತನಾಲ್ಕು ವರ್ಷ ನನ್ನ ಕೈಕೆಳಗಿನವರ ಮೇಜಿನ ಬಳಿ ಹೋಗಿ ಎಷ್ಟು ಕಡತ ಕಲಕಿದ್ದೇನೋ! ಅವುಗಳಲ್ಲಿ ಎಷ್ಟಕ್ಕೆ ಬೂಷ್ಟು ಹಿಡಿಯಿತೋ ಲೆಕ್ಕ ಇಟ್ಟವರಿಲ್ಲ. ಅಲ್ಲಿ ಮೂಸಿ ನೋಡುವ ಎಮ್ಮೆ ಇರಲಿಲ್ಲ.

ಮುಚ್ಚಿದ್ದನ್ನು ಮುಚ್ಚಿದಂತೆ ಬಿಟ್ಟು ಸುಮ್ಮನಿರುವುದೂ ಒಂದು ಕೆಲಸ ಎಂದು ನನಗೆ ಚಂದ್ರಿ ಬೆನ್ನು ತಿರುಗಿಸಿ ಹೇಳಿತು. ನಿಮಗೆ ಹೇಳಲು ಮನೆಯಲ್ಲಿ ಯಾರಿದ್ದಾರೆ?