ಪಂಜರದ ಕೊಕ್ಕೆಯ ಕಪ್ಪು ದಾರ

ಠಾಕುರ್ಲಿ ಸ್ಟೇಷನ್ನಿನ ಹೊರಗೆ ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಅವರು ಧಾರವಾಡದ ಕಡೆಯವರು. ನಮ್ಮ ಚಾಳಿನಲ್ಲೇ ಎರಡು ಮನೆ ಆಚೆಗಿದ್ದರು. ಯಾರು ಎಷ್ಟೇ ಅವಸರ ಮಾಡಲಿ, ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡು, "ತಡೀರಿ, ಮೊದಲ ನೋಡೂಣು" ಎನ್ನುವರು.

ನಾನಾಗ ಕಾಲೇಜಿನಲ್ಲಿದ್ದೆ. ನಾವು ಸಾಕಿದ್ದ ಲವ್‌ಬರ್ಡ್ ಹಕ್ಕಿ ಅಮ್ಮನ ಹೆಗಲೇರಿ ಕೂರುವ ಚೆಂದವನ್ನು ಇಡೀ ಚಾಳು ಹೊಗಳುತ್ತಿತ್ತು. ದೃಷ್ಟಿಯಾದೀತೆಂದು ಅಮ್ಮ ಅದರ ಕಾಲಿಗೊಂದು ಕಪ್ಪು ದಾರ ಕಟ್ಟಿದಳು. ವಾರದೊಳಗೆ ದಾರ ಬಿಗಿದು ಪಾದ ಊದಿತು, ಹಕ್ಕಿಗೆ ಕಾಲೂರಲಾಗಲಿಲ್ಲ. ಅಮ್ಮನ ಮೇಲೆ ಕೂಗಾಡುತ್ತಾ ನಾನು ಕತ್ತರಿ ಎತ್ತಿಕೊಂಡೆ. ಗಲಾಟೆ ಕೇಳಿ ಬಾಗಿಲಿಗೆ ಬಂದ ಅವರು, "ತಡಿ ತಮ್ಮಾ, ಮೊದಲ ನೋಡೂಣು" ಎಂದರು.

ಹಕ್ಕಿಯನ್ನು ಅಮ್ಮನ ಸೆರಗಿನಲ್ಲೇ ಸುತ್ತಿ ಹಿಡಿಸಿದರು. ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಚರ್ಮಕ್ಕೆ ತಾಗದಂತೆ ಚಿಮುಟದಿಂದ ದಾರವನ್ನು ಎಳೆ ಎಳೆಯಾಗಿ ಬಿಡಿಸಿದರು. ಕಾಲಿನ ಮೇಲೆ ಒಂದು ಕೆಂಪು ಗೆರೆಯಷ್ಟೇ ಉಳಿಯಿತು.

"ನನ್ನಿಂದಲೇ ಆದದ್ದು ಮಾರಾಯ್ರೆ," ಎಂದು ಅಮ್ಮ ಅತ್ತುಬಿಟ್ಟಳು.

ಅವರು ಚಿಮುಟ ಕೆಳಗಿಟ್ಟರು. "ಅಕ್ಕಾರ, ಇನ್ನೊಂದು ಕರೀ ದಾರ ಕೊಡ್ರಿ," ಎಂದು ಕೇಳಿ ಪಡೆದು, ಪಂಜರವನ್ನು ತೂಗುಹಾಕುವ ಕೊಕ್ಕೆಗೆ ಕಟ್ಟಿದರು. "ಇಲ್ಲಿದ್ರ ದೃಷ್ಟಿ ಒಳಗ ಬರಂಗಿಲ್ಲರಿ."

ಆಮೇಲೆ ಕೈ ಒರೆಸಿಕೊಳ್ಳುತ್ತಾ ನನ್ನತ್ತ ತಿರುಗಿದರು. "ತಮ್ಮಾ, ಅವ್ವಗ ಒಂದೀಟು ಚಾ ಮಾಡಿ ಕೊಡು."

ಅಮ್ಮನಿಗೆ ನಾನು ಮಾಡಿಕೊಟ್ಟ ಮೊದಲ ಚಹಾ ಅದು.